ನಾನು ಓದಿದೆ, ಇವರು ಪಾಸಾದರು

ಮದುವೆಯಾದ ಮೂರನೆಯ ವರ್ಷ ನಾನೂ ನಮ್ಮನೆಯವರೂ ಒಂದೇ ಪರೀಕ್ಷೆ ಕಟ್ಟಿದೆವು. ಇಬ್ಬರೂ ಸರ್ಕಾರಿ ಗುಮಾಸ್ತರು. ಇವರು ಅಜ್ಜಂಪುರದ ಒಂದು ಕಚೇರಿಯಲ್ಲಿ, ನಾನು ತರೀಕೆರೆಯ ಇನ್ನೊಂದರಲ್ಲಿ. ಬಾಡಿಗೆ ಮನೆ ಮಾಡಿದ್ದು ಕಡೂರಿನಲ್ಲಿ, ರೈಲು ನಿಲ್ದಾಣಕ್ಕೆ ನಡೆದೇ ಹೋಗುವಷ್ಟು ಹತ್ತಿರ. ಬೀರೂರು ದಾಟಿದ ಮೇಲೆ ಹಳಿ ಎರಡಾಗಿ ಒಂದು ಅವರ ಕಡೆಗೂ ಇನ್ನೊಂದು ನನ್ನ ಕಡೆಗೂ ಹೋಗುತ್ತಿತ್ತು. ಬೇರೆ ಬೇರೆ ಹೊತ್ತಿನ ರೈಲು ಹಿಡಿದು ಹೋಗಿ, ಸಂಜೆ ಒಬ್ಬರಾದ ಮೇಲೆ ಒಬ್ಬರು ಮನೆ ಸೇರುತ್ತಿದ್ದೆವು. ಹಿರೇನಲ್ಲೂರಿನಿಂದ ನಮ್ಮತ್ತೆ ಬಂದು ಜೊತೆಗಿದ್ದರು.

ನಮ್ಮ ಕೆಲಸದಲ್ಲಿ ಇಲಾಖಾ ಪರೀಕ್ಷೆ ಪಾಸು ಮಾಡದಿದ್ದರೆ ಬಡ್ತಿ ಇಲ್ಲ. ಸೇವಾ ನಿಯಮಗಳದ್ದೊಂದು ಪೇಪರು, ಲೆಕ್ಕಪತ್ರದ್ದೊಂದು, ಆಮೇಲೆ ಕಾನೂನಿನದ್ದೊಂದು. ಮೊದಲ ಎರಡನ್ನು ಈ ಸಲ ಮುಗಿಸೋಣ, ಕಾನೂನು ಮುಂದಿನ ಸಲಕ್ಕಿರಲಿ ಎಂದು ಇಬ್ಬರೂ ಮಾತಾಡಿಕೊಂಡೆವು. ನಿಜ ಹೇಳಬೇಕೆಂದರೆ, ಆಗ ನನಗೆ ನನ್ನ ಬಗ್ಗೆ ಒಂದಿಷ್ಟೂ ಅಂಜಿಕೆ ಇರಲಿಲ್ಲ. ಪಾಪ, ಇವರ ಗತಿಯೇನು ಎಂದಷ್ಟೇ ಯೋಚಿಸುತ್ತಿದ್ದೆ.

ಯಾಕೆಂದರೆ ನಾನು ಲಿಂಗದಹಳ್ಳಿಯ ಶಾಲೆಯಲ್ಲಿ ಯಾವಾಗಲೂ ಮೊದಲು ಬರುತ್ತಿದ್ದವಳು. ನನ್ನ ಓದೆಂದರೆ ಬರೆಯುವುದು. ತರಗತಿಯಲ್ಲಿ ಎಲ್ಲರೂ ಮಗ್ಗಿಯನ್ನು ಒಟ್ಟಾಗಿ ಕೂಗುವಾಗ ನಾನು ತುಟಿಯನ್ನಷ್ಟೇ ಆಡಿಸುತ್ತಿದ್ದೆ. ಮನೆಗೆ ಬಂದು, ರಾಗಿ ಚೀಲ ಪೇರಿಸಿಟ್ಟ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು, ಬಾಯಿ ಬಿಡದೆ ಅದನ್ನೇ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದೆ. ಬರೆದದ್ದು ಹೇಗೋ ಕೈಯಲ್ಲಿ ಉಳಿಯುತ್ತಿತ್ತು. ಪರೀಕ್ಷೆಯಲ್ಲಿ ಪೆನ್ನು ಹಿಡಿದರೆ ಸಾಕು, ಉಳಿದದ್ದನ್ನು ಕೈ ನೋಡಿಕೊಳ್ಳುತ್ತಿತ್ತು. ಯಾರಾದರೂ ಪಕ್ಕದಲ್ಲಿ ಮಾತಾಡಿದರೆ ಮಾತ್ರ ಎಲ್ಲ ಕಲಸಿಹೋಗುತ್ತಿತ್ತು. "ಅವ್ಳು ಓದ್ತಾವ್ಳೆ, ಸದ್ದು ಮಾಡ್ಬೇಡ್ರೋ" ಎಂದು ಅಮ್ಮ ಅಂಗಳದಲ್ಲಿ ಆಡುವವರನ್ನೆಲ್ಲ ಗದರುತ್ತಿದ್ದಳು. ಕೆಲಸವೂ ಹಾಗೇ ಸಿಕ್ಕಿತು, ಮೊದಲನೆಯ ಸಲ ಬರೆದ ಪರೀಕ್ಷೆಯಲ್ಲಿಯೇ.

ಇವರ ಕತೆ ಬೇರೆ. ಇವರ ತಂದೆ ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರಿಂದ ಅನುಕಂಪದ ಆಧಾರದ ಮೇಲೆ ಇವರಿಗೆ ನೌಕರಿ ಬಂದಿತ್ತು. ನನ್ನನ್ನು ನೋಡಲು ಬಂದ ದಿವಸ, ನಮ್ಮಿಬ್ಬರನ್ನೇ ಸ್ವಲ್ಪ ಹೊತ್ತು ಮಾತಾಡಲು ಬಿಟ್ಟಾಗ, ಇವರು ಮೊದಲು ಹೇಳಿದ್ದೇ ಅದನ್ನು. "ನಂಗೆ ಪುಸ್ತಕ ಹಿಡಿದ್ರೆ ನಿದ್ದೆ ಬರುತ್ತೆ ಕಣ್ರೀ. ಡಿಗ್ರಿನೂ ಹೆಂಗೋ ಆಗಿದ್ದು. ಆಮೇಲೆ ಬೇಜಾರು ಮಾಡ್ಕೋಬೇಡಿ." ನನಗೆ ನಗು ಬಂತು. ಹೀಗೆ ನೇರವಾಗಿ ಹೇಳುವ ಗಂಡಸನ್ನು ಕಂಡು ಇಷ್ಟವೂ ಆಯಿತು. ಮನೆಯಲ್ಲಿ ಓದಿನ ವಿಷಯಕ್ಕೆ ನಾನೇ ಮೇಲು ಎನ್ನುವುದು ಅವತ್ತೇ ತೀರ್ಮಾನವಾಗಿತ್ತು, ಇಬ್ಬರಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಪರೀಕ್ಷೆಗೆ ಎರಡು ದಪ್ಪ ಗೈಡು ತಂದೆವು. ಇಬ್ಬರಿಗೆ ಒಂದೊಂದು ಸೆಟ್ ಯಾಕೆ, ಒಂದೇ ಸಾಕು ಎಂದವಳು ನಾನೇ. ಮೊದಲ ಭಾನುವಾರ ಇವರು ಗೋಡೆಗೊರಗಿ ಕೂತು ಶುರುಮಾಡಿದರು. ನಾನು ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಪುಸ್ತಕ ಎದೆಯ ಮೇಲಿತ್ತು, ಬಾಯಿ ತೆರೆದಿತ್ತು. ಎಬ್ಬಿಸಿದೆ. ಮುಖ ತೊಳೆದುಕೊಂಡು ಬಂದು ಮತ್ತೆ ಹಿಡಿದರು, ಮತ್ತೆ ನಿದ್ದೆ.

"ಆಗಲ್ಲ ಕಣೇ," ಎಂದರು. "ಅಕ್ಷರ ನೋಡ್ತಿದ್ದಂಗೆ ಕಣ್ಣು ಎಳೀತದೆ. ನೀನು ಹೆಂಗಿದ್ರೂ ಓದ್ಬೇಕಲ್ಲ, ಸ್ವಲ್ಪ ಗಟ್ಟಿಯಾಗಿ ಓದು. ಇಬ್ರಿಗೂ ಆಯ್ತದೆ."

ನನಗೆ ಗಟ್ಟಿಯಾಗಿ ಓದಿ ರೂಢಿಯಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಗಂಡನನ್ನು ನಾನು ಓದಿಸುತ್ತೇನೆ ಎನ್ನುವುದು ಕೇಳಲಿಕ್ಕೆ ಚೆನ್ನಾಗಿತ್ತು.

ಹಾಗೆ ನಮ್ಮ ಓದು ಶುರುವಾಯಿತು. ಬೆಳಿಗ್ಗೆ ಕಾಫಿಯಾದ ಮೇಲೆ, ಸ್ನಾನಕ್ಕೆ ಮುಂಚೆ. ಇವರು ಫ್ಯಾನಿನ ಕೆಳಗೆ ಚಾಪೆ ಹಾಸಿಕೊಂಡು ಅಂಗಾತ ಮಲಗಿ ಕಣ್ಣಿನ ಮೇಲೆ ಟವೆಲ್ ಹಾಕಿಕೊಳ್ಳುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ, ಒಲೆಯ ಮೇಲೊಂದು ಕಣ್ಣಿಟ್ಟು, ಮಣೆಯ ಮೇಲೆ ಕೂತು ಓದುತ್ತಿದ್ದೆ. ಅತ್ತೆ ತರಕಾರಿ ಹೆಚ್ಚುತ್ತ ಕೇಳಿಸಿಕೊಳ್ಳುತ್ತಿದ್ದರು. ಇವರು ನಿದ್ದೆ ಮಾಡುತ್ತಿದ್ದಾರೆಂದು ಮೊದಮೊದಲು ನಾನು ನಡುವೆ ನಿಲ್ಲಿಸುತ್ತಿದ್ದೆ. ತಕ್ಷಣ ಟವೆಲಿನ ಕೆಳಗಿನಿಂದ "ಊಂ, ಆಮೇಲೆ?" ಎಂದು ಬರುತ್ತಿತ್ತು.

ಒಂದು ದಿವಸ ಅಮಾನತಾದ ನೌಕರನಿಗೆ ಕೊಡುವ ಜೀವನಾಧಾರ ಭತ್ಯೆಯ ನಿಯಮ ಓದುತ್ತಿದ್ದೆ. ಇವರು ಟವೆಲ್ ತೆಗೆದು ಎದ್ದು ಕೂತರು.

"ತಡಿ ತಡಿ. ಅಂದ್ರೆ ನಮ್ ಆಫೀಸಿನ ಡ್ರೈವರ್ ಅಮಾನತ್ ಆದ ಅನ್ಕೋ. ಮನೇಲಿ ಕೂತ್ರೂ ಅವ್ನಿಗೆ ಒಂದಷ್ಟು ಬತ್ತದೆ ಅಂತ ತಾನೆ?"

"ಹೂಂ ರೀ. ಅದನ್ನೇ ಓದ್ತಿರೋದು."

"ಅವ್ನು ಆ ಟೈಮಲ್ಲಿ ಒಂದು ಕೊಬ್ಬರಿ ಮಂಡಿ ಇಟ್ಕೊಂಡ ಅನ್ಕೋ. ಆಗ್ಲೂ ಕೊಡ್ತಾರಾ?"

"ಅದೆಲ್ಲ ಇಲ್ಲಿ ಬರ್ದಿಲ್ಲ. ಸುಮ್ನೆ ಕೇಳಿ."

"ಬರ್ದಿರ್ತದೆ. ಬಿಡ್ತಾರಾ? ಮುಂದ್ಕೆ ಓದು."

ಮುಂದಕ್ಕೆ ಓದಿದೆ. ಬೇರೆ ಯಾವ ಉದ್ಯೋಗದಲ್ಲಿಯೂ ತೊಡಗಿಲ್ಲವೆಂದು ನೌಕರನು ಪ್ರಮಾಣಪತ್ರ ಕೊಡಬೇಕು ಎಂದು ಕೆಳಗಿನ ಸಾಲಿನಲ್ಲಿಯೇ ಇತ್ತು. "ನೋಡ್ದ್ಯಾ?" ಎಂದು ಇವರು ಮತ್ತೆ ಮಲಗಿಕೊಂಡರು. ಅತ್ತೆ ಬೀನ್ಸಿನ ನಾರು ತೆಗೆಯುತ್ತ ಹೇಳಿದರು: "ಅವ್ನು ಚಿಕ್ಕೋನಿದ್ದಾಗ್ಲೂ ಹಂಗೇ ಕಣಮ್ಮ. ಒಂದ್ಸಲ ಕಿವಿಗೆ ಬಿದ್ರೆ ಸಾಕು. ಓದು ಅಂತ ಹೊಡ್ದೂ ಹೊಡ್ದೂ ಮೇಷ್ಟ್ರು ಸುಸ್ತಾದ್ರು, ಓದ್ಲಿಲ್ಲ. ಕೇಳಿದ್ದು ಮಾತ್ರ ಮರೀಲಿಲ್ಲ."

ಆವತ್ತೇ ಎಲ್ಲೋ ಚುಚ್ಚಿತು. ನಾನು ಓದುತ್ತಿದ್ದೆ, ಗಂಟಲು ನನ್ನದು ಒಣಗುತ್ತಿತ್ತು, ಮುಂದಿನ ಸಾಲು ಏನಿರಬೇಕೆಂದು ಹೊಳೆದದ್ದು ಮಲಗಿದ್ದವರಿಗೆ.

ಇನ್ನೊಂದು ಸಂಗತಿಯೂ ನಿಧಾನವಾಗಿ ಗೊತ್ತಾಗತೊಡಗಿತು. ಗಟ್ಟಿಯಾಗಿ ಓದುವಾಗ ನನಗೆ ನನ್ನ ದನಿ ಮಾತ್ರ ಕೇಳಿಸುತ್ತಿತ್ತು. ಒತ್ತಕ್ಷರ ಸರಿಯಾಗಿ ಬಂತೇ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಅತ್ತೆಗೆ ನಾನು ತೊದಲುವುದು ಗೊತ್ತಾಯಿತೇ, ಇಂಥದ್ದರಲ್ಲೇ ಗಮನ. ಅರ್ಥ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೊರಟುಹೋಗುತ್ತಿತ್ತು. ರೈಲಿನಲ್ಲಿ ತರೀಕೆರೆ ಬರುವಷ್ಟರಲ್ಲಿ ಬೆಳಿಗ್ಗೆ ಏನು ಓದಿದೆನೆಂದು ಕೇಳಿಕೊಂಡರೆ ತಲೆಬರಹ ಬಿಟ್ಟು ಏನೂ ನೆನಪಿರುತ್ತಿರಲಿಲ್ಲ. ಕೂತು ಬರೆಯಬೇಕಿತ್ತು. ಆದರೆ ಯಾವಾಗ? ಬೆಳಗಿನ ಹೊತ್ತು ಇವರಿಗೆ ಓದಿ ಹೇಳುವುದರಲ್ಲಿ ಹೋಗುತ್ತಿತ್ತು, ಸಂಜೆ ಅಡುಗೆಮನೆಯಲ್ಲಿ. ಲೆಕ್ಕಪತ್ರದ ಲೆಕ್ಕಗಳನ್ನು ಹೇಗೂ ಮಾಡಿಯೇ ನೋಡಬೇಕಾದ್ದರಿಂದ ಅದೊಂದನ್ನು ಬರೆದುಕೊಂಡೆ; ಇವರು ಅವನ್ನೂ ನಾನು ಓದಿದ್ದು ಕೇಳಿಕೊಂಡೇ ಮನಸ್ಸಿನಲ್ಲಿ ಹಾಕಿಬಿಡುತ್ತಿದ್ದರು. ನಿಯಮಗಳನ್ನು ಎರಡೆರಡು ಸಲ ಬಾಯಿಬಿಟ್ಟು ಓದಿದ್ದೇನಲ್ಲ, ಪರೀಕ್ಷೆಯ ಕೋಣೆಗೆ ಹೋದರೆ ತಾನಾಗಿ ಬರುತ್ತದೆ ಎಂದು ನಂಬಿಕೊಂಡೆ. ಯಾವತ್ತೂ ಹಾಗೇ ಬಂದಿತ್ತಲ್ಲ.

ಪರೀಕ್ಷೆ ಚಿಕ್ಕಮಗಳೂರಿನಲ್ಲಿ. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟು ಒಂದನ್ನು ಗುರುತು ಮಾಡಿ ಎನ್ನುವ ಪರೀಕ್ಷೆ ಅದು. ಲೆಕ್ಕಪತ್ರ ಚೆನ್ನಾಗಿಯೇ ಆಯಿತು. ನಿಯಮಗಳ ಪೇಪರು ಬಿಡಿಸಿದೆ. ಎಲ್ಲವೂ ಪರಿಚಯದ ಮುಖ, ಒಂದರ ಹೆಸರೂ ಬಾಯಿಗೆ ಬರದು. ಇದನ್ನು ಓದಿದ್ದೇನೆ, ಇದನ್ನೂ ಓದಿದ್ದೇನೆ ಎನ್ನುವುದಷ್ಟೇ ಗೊತ್ತು. ಕೈ ಸುಮ್ಮನೆ ಮೇಜಿನ ಮೇಲೆ ಬಿದ್ದಿತ್ತು. ನಾಲ್ಕು ಉತ್ತರಗಳೂ ಸರಿಯೆನ್ನಿಸುತ್ತಿದ್ದವು.

ವಾಪಸು ಬರುವಾಗ ಬಸ್ಸಿನಲ್ಲಿ ಇವರು ಕಿಟಕಿ ಪಕ್ಕ ಕೂತು ಕಡಲೆಕಾಯಿ ಬಿಡಿಸಿ ನನ್ನ ಕೈಗೆ ಹಾಕುತ್ತ ಪ್ರಶ್ನೆಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ನನಗೆ ಪ್ರಶ್ನೆಗಳೇ ನೆನಪಿರಲಿಲ್ಲ.

"ಆ ಸೇರಿಕೆ ಕಾಲದ್ದು ಬಂದಿತ್ತಲ್ಲ, ವರ್ಗ ಆದಾಗಿಂದು? ಅದನ್ನ ನೀನು ಓದೋವಾಗ ಹಾಲು ಉಕ್ತು ನೋಡು. ಪುಸ್ತಕ ಬಿಸಾಕಿ ಓಡೋದ್ಯಲ್ಲ. ಬಂದು ಮತ್ತೆ ಅದೇ ಸಾಲು ಓದ್ದೆ. ಅದ್ಕೇ ಸರಿಯಾಗಿ ನೆನಪಿತ್ತು." ಇನ್ನೊಂದು ಕಾಯಿ ಬಿಡಿಸುತ್ತ, "ಗಳಿಕೆ ರಜೆದು ಓದೋವಾಗ ನಿಂಗೆ ಕೆಮ್ಮಿತ್ತು."

"ಹೌದಾ?" ಎಂದೆ.

"ಒಳಗೆ ಕೂತಿದ್ರೆ ನೀನೇ ಪಕ್ಕದಲ್ಲಿ ಕೂತು ಓದ್ದಂಗೆ ಕೇಳ್ತಿತ್ತು ಕಣೇ. ಕಣ್ಣು ಮುಚ್ಕೊಳ್ಳೋದು, ನೀನ್ ಹೇಳೋದು, ನಾನು ಗುರುತು ಹಾಕೋದು."

ಬೇರೆ ಯಾವತ್ತಾದರೂ ಆಗಿದ್ದರೆ ಆ ಮಾತಿಗೆ ಕರಗಿಹೋಗುತ್ತಿದ್ದೆನೋ ಏನೋ. ಆವತ್ತು ಕೈಯಲ್ಲಿದ್ದ ಕಡಲೆಕಾಯಿಯನ್ನು ಬಾಯಿಗೆ ಹಾಕಿಕೊಳ್ಳಲಾಗಲಿಲ್ಲ. ನನ್ನ ದನಿ ನನ್ನ ಹತ್ತಿರ ಬರದೆ ಅವರ ಪಕ್ಕದಲ್ಲಿ ಹೋಗಿ ಕೂತಿತ್ತು.

ಫಲಿತಾಂಶ ಬಂದಾಗ ಇವರು ಎರಡರಲ್ಲೂ ಪಾಸು. ನಾನು ಲೆಕ್ಕಪತ್ರದಲ್ಲಿ ಪಾಸು, ಸೇವಾ ನಿಯಮಗಳಲ್ಲಿ ಫೇಲು. ತರೀಕೆರೆ ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಫೋನಿನಲ್ಲಿ ನೋಡಿದೆ. ಮೊದಲು ನನ್ನದು, ಆಮೇಲೆ ಇವರದು. ಇವರದನ್ನು ನೋಡಿದ ಮೇಲೆ ನಂಬರು ತಪ್ಪು ಹೊಡೆದೆನೇನೋ ಎಂದು ಮತ್ತೊಮ್ಮೆ ಹೊಡೆದೆ. ಇವರು ಪಾಸಾಗಿಲ್ಲವೆಂದು ಬರಲಿ ಎಂದೇ ಕಾದೆ, ಸುಳ್ಳು ಯಾಕೆ ಹೇಳಲಿ. ಪರದೆ ನಿಧಾನವಾಗಿ ತೆರೆದು ಅದನ್ನೇ ಮತ್ತೆ ತೋರಿಸಿತು.

ಸಂಜೆ ಅತ್ತೆ ಶಾವಿಗೆ ಪಾಯಸ ಮಾಡಿದ್ದರು. "ಇರ್ಲಿ ಬಿಡಮ್ಮ, ಮುಂದಿನ ಸಲ ಆಯ್ತದೆ," ಎಂದು ನನಗೂ ಲೋಟದ ತುಂಬ ಕೊಟ್ಟರು. ಇವರು ನನ್ನೆದುರು ಸಂತೋಷ ತೋರಿಸಿಕೊಳ್ಳಬಾರದೆಂದು ಮುಖ ಸಣ್ಣಗೆ ಮಾಡಿಕೊಂಡು ಓಡಾಡುತ್ತಿದ್ದರು, ಆದರೆ ಬಚ್ಚಲಲ್ಲಿ ಹಾಡು ಗುನುಗುವುದು ಹೊರಗೆ ಕೇಳುತ್ತಿತ್ತು. ಅದೂ ನನಗೆ ಸಹಿಸಲಾಗಲಿಲ್ಲ. ಆಮೇಲಿನ ದಿನಗಳಲ್ಲಿ ಇವರ ಯಾವುದನ್ನೂ ಸಹಿಸಲಾಗಲಿಲ್ಲ. ಇವರು ಮಲಗಿದ ತಕ್ಷಣ ನಿದ್ದೆ ಹೋಗುವುದು, ಶರ್ಟಿನ ಜೇಬಿಗೆ ಪೆನ್ನು ಸಿಕ್ಕಿಸಿಕೊಳ್ಳುವ ರೀತಿ, ಪೇಪರು ಓದದೆ ಪಕ್ಕದ ಮನೆಯವರನ್ನು ಮಾತಾಡಿಸಿಯೇ ಸುದ್ದಿಯೆಲ್ಲ ತಿಳಿದುಕೊಳ್ಳುವುದು. ಒಂದು ಪುಟವನ್ನೂ ಓದದ ಮನುಷ್ಯ. ಅನುಕಂಪದಲ್ಲಿ ಕೆಲಸ ಬಂದವರು, ಅನುಕಂಪದಲ್ಲೇ ಪಾಸೂ ಆದರು, ಆ ಅನುಕಂಪ ನನ್ನದು ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡಷ್ಟೂ ಹೊಟ್ಟೆ ಉರಿಯುತ್ತಿತ್ತು.

ಜನ ಬೇರೆ ಸುಮ್ಮನಿರಲಿಲ್ಲ. ಇವರು ಎಲ್ಲರ ಹತ್ತಿರವೂ "ನಮ್ಮನೆಯವ್ಳು ಓದಿಸಿದ್ಲು" ಎಂದು ಹೇಳಿಕೊಂಡು ಬಂದಿದ್ದರು. ಮನಸ್ಸಿನಿಂದಲೇ ಹೇಳಿದ್ದರು. ಆದರೆ ಅದನ್ನು ಕೇಳಿದವರೆಲ್ಲ ನನ್ನ ಮುಖ ನೋಡಿ ಒಂದೇ ಮಾತು ಆಡುತ್ತಿದ್ದರು: "ಏನಮ್ಮಾ, ಗಂಡನ್ನ ಪಾಸ್ ಮಾಡ್ಸಿದ್ಯಂತೆ! ನಿಂದೇನಾಯ್ತು?" ಊರಿಂದ ಅಮ್ಮ ಫೋನು ಮಾಡಿದಾಗ ರಿಸಲ್ಟ್ ಇನ್ನೂ ಬಂದಿಲ್ಲ ಎಂದೆ. ಲಿಂಗದಹಳ್ಳಿಗೆ ಆ ಸುದ್ದಿ ನನ್ನ ಬಾಯಿಂದ ಹೋಗುವುದು ಬೇಡವಾಗಿತ್ತು.

ಮುಂದಿನ ಪರೀಕ್ಷೆಗೆ ಅರ್ಜಿ ಕರೆದರು. ಇವರಿಗೆ ಕಾನೂನಿನ ಪೇಪರು ಒಂದೇ ಬಾಕಿ. ನನಗೆ ಅದೂ, ಕೈಬಿಟ್ಟುಹೋದ ನಿಯಮಗಳದ್ದೂ. ಕಾನೂನಿನ ಗೈಡು ತಂದ ಮಾರನೆಯ ಬೆಳಿಗ್ಗೆ ಇವರು ಚಾಪೆ ಹಾಸಿ, ದಿಂಬು ತಂದಿಟ್ಟು, ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಂದರು.

"ಶುರು ಮಾಡಣ?"

"ನಾನು ಓದಲ್ಲ," ಎಂದೆ.

"ಯಾಕೆ, ಇವತ್ತು ಹುಷಾರಿಲ್ವಾ?"

"ಇವತ್ತಲ್ಲ. ಇನ್ಮೇಲೆ ನಾನು ಗಟ್ಟಿಯಾಗಿ ಓದಲ್ಲ. ನಂಗೆ ಬಾಯ್ಬಿಟ್ಟು ಓದಿದ್ರೆ ತಲೆಗೆ ಹತ್ತಲ್ಲ. ಬರೀಬೇಕು. ಯಾರೂ ಇರಬಾರ್ದು."

ಇವರು ದಿಂಬು ಹಿಡಿದು ಹಾಗೇ ನಿಂತರು. "ಮತ್ತೆ ಹೋದ್ಸಲ ಅಷ್ಟು ದಿವಸ ಓದ್ದ್ಯಲ್ಲ?"

"ಓದ್ದೆ. ಪಾಸಾಗಿದ್ದು ನೀವು."

"ಮೊದ್ಲೇ ಹೇಳ್ಬಾರ್ದಿತ್ತೇನೇ?"

"ನೀವು ಕೇಳ್ಬಾರ್ದಿತ್ತಾ? ಇವ್ಳಿಗೆ ಹೆಂಗೆ ಓದಿದ್ರೆ ಬತ್ತದೆ ಅಂತ ಒಂದು ಮಾತು ಕೇಳಿದ್ರಾ? ಕಿವಿ ಇಟ್ಕೊಂಡು ಮಲಗಿದ್ರಿ ಅಷ್ಟೆ."

ಅತ್ತೆ ಸೊಪ್ಪು ಬಿಡಿಸುತ್ತಿದ್ದವರು ಎದ್ದು ಹಿತ್ತಲಿಗೆ ಹೋದರು. ಇವರು ಚಾಪೆ ಸುತ್ತಿ ಗೋಡೆಗೆ ಒರಗಿಸಿದರು.

ನನ್ನ ಓದು ನನಗೆ ವಾಪಸು ಬಂತು. ತರೀಕೆರೆ ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕರೆ ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೆ. ಅಕ್ಷರ ಅಂಕುಡೊಂಕಾದರೂ ಪರವಾಗಿರಲಿಲ್ಲ, ಕೈಗೆ ಗೊತ್ತಾಗುತ್ತಿತ್ತು. ಕಚೇರಿಯಲ್ಲಿ ಊಟವನ್ನು ಬೇಗ ಮುಗಿಸಿ ಹಳೆಯ ಕಡತಗಳ ಕೋಣೆಗೆ ಹೋಗಿ ಕೂರುತ್ತಿದ್ದೆ. ಧೂಳಿನ ವಾಸನೆ, ಒಬ್ಬರೂ ಇಲ್ಲ. ಹೋದ ಸಲ ಬಾಯಲ್ಲಿ ಅಷ್ಟು ಸಲ ಬಂದುಹೋದ ನಿಯಮ ಒಮ್ಮೆ ಬರೆದರೆ ನಿಲ್ಲುತ್ತಿತ್ತು. ಸಂತೋಷವಾಗಬೇಕಿತ್ತು, ಆಯಿತೂ. ಆದರೆ ಅದರ ಹಿಂದೆಯೇ, ಈಗ ಇವರು ಹೇಗೆ ಓದುತ್ತಾರೋ ನೋಡೋಣ ಎನ್ನುವುದೊಂದು ಕೂತಿತ್ತು.

ಇವರು ಮನೆಯಲ್ಲಿ ಪುಸ್ತಕ ಮುಟ್ಟುತ್ತಲೇ ಇರಲಿಲ್ಲ. ಸೋತು ನನ್ನ ಹತ್ತಿರ ಬರುತ್ತಾರೆ ಎಂದು ಕಾದೆ. ಬರಲಿಲ್ಲ. ಒಂದು ದಿವಸ ಊಟ ಮಾಡುತ್ತ ಟೀವಿಯಲ್ಲಿ ಯಾವುದೋ ಕೋರ್ಟಿನ ಸುದ್ದಿ ಬಂದಾಗ ಇವರು ತಟ್ಟನೆ, "ಅದು ನಿಲ್ಲಲ್ಲ. ನೋಡಿದೋರು ಹೇಳ್ಬೇಕು, ಕೇಳಿದೋರು ಹೇಳಿದ್ರೆ ಸಾಕ್ಷ್ಯ ಆಗಲ್ಲ. ಇಷ್ಟೇ ವಿಷ್ಯ, ಗೊತ್ತಾಯ್ತಾ?" ಎಂದರು.

ನಾನು ತುತ್ತು ಹಿಡಿದು ನೋಡಿದೆ. ಇವರು ಯಾವತ್ತೂ "ಇಷ್ಟೇ ವಿಷ್ಯ, ಗೊತ್ತಾಯ್ತಾ" ಎನ್ನುವವರಲ್ಲ. ಮಾತಿನ ಕೊನೆಯನ್ನು ಹಾಗೆ ಮೇಲಕ್ಕೆತ್ತುವವರೂ ಅಲ್ಲ. ಅದು ಇನ್ಯಾರದೋ ಮಾತು.

"ಯಾರು ಓದಿಸ್ತಿದಾರೆ?" ಎಂದೆ.

ಮುಚ್ಚಿಡುವುದು ಇವರಿಗೆ ಬರುವುದಿಲ್ಲ. "ನಮ್ ಆಫೀಸಿಗೆ ಹೊಸದಾಗಿ ಒಬ್ರು ಮೇಡಮ್ಮು ಬಂದವ್ರೆ ಅಂದಿದ್ನಲ್ಲ, ಬೀರೂರಲ್ಲಿ ಹತ್ತೋರು? ಅವ್ರಿಗೂ ಇದೇ ಪರೀಕ್ಷೆ, ಲೆಕ್ಕಪತ್ರದ್ದೂ ಬಾಕಿ. ರೈಲಲ್ಲಿ ಅವ್ರು ಓದ್ತಾರೆ, ನಾನು ಕೇಳ್ತೀನಿ."

ಅತ್ತೆ ಸಾರು ಬಡಿಸಲು ಎತ್ತಿದ ಸೌಟನ್ನು ಹಾಗೇ ಹಿಡಿದರು. ಇವರು ಮಾತ್ರ ಮುದ್ದೆ ಮುರಿಯುತ್ತಿದ್ದರು.

ನನಗೆ ಬಂದದ್ದು ಜನ ಅಂದುಕೊಳ್ಳುವ ಅನುಮಾನವಲ್ಲ. ಆ ವಿಷಯದಲ್ಲಿ ಇವರನ್ನು ನಾನು ಬಲ್ಲೆ. ನನ್ನನ್ನು ಸುಟ್ಟದ್ದು ಬೇರೆ. ಈ ಸಲ ಪರೀಕ್ಷೆಯ ಕೋಣೆಯಲ್ಲಿ ಇವರು ಕಣ್ಣು ಮುಚ್ಚಿದಾಗ ಪಕ್ಕದಲ್ಲಿ ಬಂದು ಕೂರುವ ದನಿ ಅವಳದು. ಅವಳಿಗೆ ಕೆಮ್ಮು ಬಂದಿದ್ದರೆ ಅದನ್ನೂ ಇವರು ನೆನಪಿಟ್ಟಿರುತ್ತಾರೆ. ಆ ಜಾಗ ನನಗೆ ಬೇಡವೆಂದು ನಾನೇ ಎದ್ದು ಬಂದಿದ್ದೆ, ಬೇರೆಯವರು ಕೂತರು ಎಂದರೆ ಮಾತ್ರ ತಡೆಯಲಾಗುತ್ತಿರಲಿಲ್ಲ.

ಅಜ್ಜಂಪುರದಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಅವರನ್ನು ನೋಡಿ ಬಹಳ ದಿವಸವಾಯಿತು ಎಂದು ಒಂದು ರಜೆ ಹಾಕಿದೆ. "ಬಾ, ಜೊತೇಲೇ ಹೋಗಣ," ಎಂದು ಇವರಿಗೆ ಖುಷಿಯೋ ಖುಷಿ. ಬೀರೂರಿನಲ್ಲಿ ರೈಲು ನಿಂತಾಗ ಇವರು ಎದುರು ಸೀಟಿನ ಮೇಲಿಟ್ಟಿದ್ದ ಚೀಲವನ್ನು ತೆಗೆದುಕೊಂಡರು. ಅವಳು ಹತ್ತಿ ಬಂದಳು. ನನ್ನಷ್ಟೇ ವಯಸ್ಸು, ತೆಳ್ಳಗೆ, ಅವಸರದಲ್ಲಿ ಉಟ್ಟ ಸೀರೆ, ಕೈಯಲ್ಲಿ ಡಬ್ಬಿಯ ಚೀಲ. ಇವರು ನನ್ನನ್ನು ತೋರಿಸಿದ ಕೂಡಲೇ, "ಅಯ್ಯೋ, ಅಕ್ಕಾ! ನಿಮ್ ಬಗ್ಗೆ ಸಾರ್ ಎಷ್ಟು ಹೇಳ್ತಾರೆ ಗೊತ್ತಾ!" ಎಂದು ನನ್ನ ಕೈ ಹಿಡಿದುಕೊಂಡಳು. ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ.

ಅವಳು ಓದತೊಡಗಿದಳು. ಓದುವುದೆಂದರೆ ನನ್ನ ಹಾಗಲ್ಲ. ಪುಸ್ತಕ ನೋಡಿ ಒಂದು ಸಲ ಹೇಳುವುದು, ಬೆರಳು ಇಟ್ಟು ಪುಸ್ತಕ ಮುಚ್ಚುವುದು, ಅದನ್ನೇ ತನ್ನ ಮಾತಿನಲ್ಲಿ ಕೈ ಆಡಿಸಿಕೊಂಡು ಹೇಳುವುದು, ಕೊನೆಗೆ "ಇಷ್ಟೇ ವಿಷ್ಯ, ಗೊತ್ತಾಯ್ತಾ?" ಬೋಗಿಯಲ್ಲಿದ್ದವರೆಲ್ಲ ಕೇಳುತ್ತಿದ್ದರು. ಚುರುಮುರಿ ತಿನ್ನುತ್ತಿದ್ದ ಒಬ್ಬ ಮುದುಕರು ತಮ್ಮ ಜಮೀನಿನ ಖಾತೆಯ ವಿಷಯ ಎತ್ತಿ ಇಬ್ಬರನ್ನೂ ಪ್ರಶ್ನೆ ಕೇಳಿದರು. ಇವರು "ತಡೀರಿ ತಡೀರಿ, ಅಂದ್ರೆ ಈಗ ನಮ್ ಸಾಹೇಬ್ರು..." ಎಂದು ಶುರುಮಾಡಿದರು, ನಾನು ಸಾವಿರ ಸಲ ಕೇಳಿ ಸುಮ್ಮನಿರಿ ಎಂದಿದ್ದ ಅದೇ ರಾಗ. ಅವಳು ಸುಮ್ಮನಿರಿ ಎನ್ನಲಿಲ್ಲ. ಕಣ್ಣರಳಿಸಿ, "ಹೌದಲ್ವಾ ಸಾರ್? ಆಗೇನಾಗುತ್ತೆ ಹೇಳಿ ನೋಡಣ," ಎಂದಳು. ಇವರು ಹೇಳಿದರು. ತಪ್ಪಿತ್ತು. ಅವಳು ನಕ್ಕು ಮತ್ತೆ ಪುಸ್ತಕ ತೆರೆದಳು. ಒಬ್ಬಳಿಗೆ ತಾನು ಹೇಳಿದರೆ ಬರುತ್ತದೆ, ಇನ್ನೊಬ್ಬರಿಗೆ ಕೇಳಿದರೆ ಬರುತ್ತದೆ. ಹುಡುಕಿದರೂ ಇಂಥ ಜೋಡಿ ಸಿಗುತ್ತಿರಲಿಲ್ಲ.

ಅವಳಲ್ಲಿ ಏನಾದರೂ ಹುಳುಕು ಸಿಗುತ್ತದೆಯೇ ಎಂದು ಕಾಯುತ್ತಿದ್ದೆ. ಸಿಕ್ಕಿತು. "ಅಧಿನಿಯಮ" ಎನ್ನುವುದನ್ನು ಅವಳು "ಅದಿನ್ಯಮ" ಎಂದಳು. "ಅಧಿ-ನಿಯಮ" ಎಂದೆ, ಬೇಕಾದದ್ದಕ್ಕಿಂತ ಗಟ್ಟಿಯಾಗಿ. ಮುದುಕರು ಚುರುಮುರಿ ನಿಲ್ಲಿಸಿ ನನ್ನನ್ನು ನೋಡಿದರು. ಇವರು ಕಿಟಕಿಯ ಕಡೆ ತಿರುಗಿದರು. ಅವಳಿಗೆ ಮಾತ್ರ ಏನೂ ಅನ್ನಿಸಲಿಲ್ಲ. "ಹೌದಲ್ವಾ ಅಕ್ಕ! ನಂಗೆ ಯಾರೂ ತಿದ್ದೋರೇ ಇಲ್ಲ ನೋಡಿ," ಎಂದು ಮತ್ತೆ ಸರಿಯಾಗಿ ಹೇಳಿದಳು. ಅವಳು ಒಂದಿಷ್ಟು ಮುನಿಸಿಕೊಂಡಿದ್ದರೂ ನನಗೆ ಆರಾಮವಾಗುತ್ತಿತ್ತು.

ಅಜ್ಜಂಪುರ ಹತ್ತಿರ ಬಂದಾಗ ಪುಸ್ತಕವನ್ನು ಚೀಲಕ್ಕೆ ಹಾಕುತ್ತ ಹೇಳಿದಳು: "ಮನೇಲಿ ಬಾಯಿ ಬಿಡಂಗಿಲ್ಲ ಅಕ್ಕ. ಮಾವನಿಗೆ ಹುಷಾರಿಲ್ಲ, ಮಲಗಿರ್ತಾರೆ. ಮಗು ಬೇರೆ ಚಿಕ್ಕದು. ಮನಸ್ಸಲ್ಲಿ ಓದ್ಕೋ ಅಂತಾರೆ. ಮನಸ್ಸಲ್ಲಿ ಓದಿದ್ರೆ ನಂಗೆ ಏನಂದ್ರೆ ಏನೂ ನಿಲ್ಲಲ್ಲ. ಬಾಯಿಂದ ಬರ್ಬೇಕು, ಎದುರಿಗೆ ಒಬ್ರು ಹೂಂ ಅನ್ಬೇಕು. ನಿಮ್ಮನೆಯವ್ರು ಸಿಕ್ಕಿದ್ದು ನನ್ ಪುಣ್ಯ."

"ಒಳ್ಳೇದಾಯ್ತು," ಎಂದೆ. ಅವಳ ಕಷ್ಟ ನನಗೆ ಅರ್ಥವಾಗಿತ್ತು, ನನ್ನ ಕಷ್ಟದ್ದೇ ಇನ್ನೊಂದು ಮಗ್ಗುಲು ಅದು. ಅರ್ಥವಾದದ್ದರಿಂದ ಹೊಟ್ಟೆಕಿಚ್ಚು ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಚಿಕ್ಕಮ್ಮನ ಮನೆಯಲ್ಲಿ ತಟ್ಟೆಗೆ ಬಡಿಸಿದ್ದನ್ನು ಕಲಸುತ್ತ ಕೂತೆ. "ಯಾಕೇ, ಏನಾದ್ರೂ ವಿಶೇಷಾನಾ?" ಎಂದು ಚಿಕ್ಕಮ್ಮ ನಕ್ಕರು. ಅಲ್ಲ ಎಂದು ತಲೆಯಾಡಿಸಿದೆ.

ಸಂಜೆ ಮನೆಯಲ್ಲಿ ಇವರು ಚಪ್ಪಲಿ ಬಿಡುತ್ತಿದ್ದ ಹಾಗೇ ಕೇಳಿದರು, "ಏನೇ, ರೈಲಲ್ಲಿ ಆ ಪಾಪದೋರ ಮೇಲೆ ಯಾಕಂಗೆ ಹರಿಹಾಯ್ದೆ?"

"ಹೊಟ್ಟೆಕಿಚ್ಚು," ಎಂದೆ.

ಇವರು ನಗಲು ಹೊರಟರು. ನನ್ನ ಮುಖ ನೋಡಿ ನಿಲ್ಲಿಸಿದರು. "ಅಯ್ಯೋ ಲೇ, ನೀನು ಬೇರೆ ಏನಾದ್ರೂ..."

"ಬೇರೆ ಏನೂ ಇಲ್ಲ. ಮೊದ್ಲು ನೀವು ಪಾಸಾದ್ರಲ್ಲ ಅಂತ ಹೊಟ್ಟೆಕಿಚ್ಚು. ಈಗ ಅವ್ರು ಓದಿದ್ದು ನಿಮ್ ತಲೇಲಿ ಉಳ್ಕೊಳ್ತದಲ್ಲ ಅಂತ. ಅಷ್ಟೆ."

ಇವರು ಜಗಲಿಯ ಮೇಲೆ ಕೂತರು. ಆಮೇಲೆ, "ಬಿಟ್ಬಿಡ್ತೀನಿ ಹಂಗಾದ್ರೆ. ಬೇರೆ ಬೋಗಿ ಹತ್ತೀನಿ," ಎಂದರು. ನಾನು ಬೇಡವೆಂದೆ. ಬಿಟ್ಟು ಫೇಲಾದರೆ ಅದೂ ನನ್ನ ತಲೆಗೇ ಬರುತ್ತದೆ. ಅಲ್ಲದೆ ಅವಳು ಎದುರಿಗೆ ಯಾರೂ ಇಲ್ಲದೆ ಬಾಯಿ ಮುಚ್ಚಿ ಕೂತಿರುವುದನ್ನು ನೆನೆದರೆ, ಅದೂ ಸರಿ ಕಾಣಲಿಲ್ಲ. "ಹೋಗಿ. ಓದ್ಕೊಳ್ಳಿ," ಎಂದೆ. "ನನ್ ಮುಂದೆ ಮಾತ್ರ ಇಷ್ಟೇ ವಿಷ್ಯ ಗೊತ್ತಾಯ್ತಾ ಅನ್ಬೇಡಿ."

ಪರೀಕ್ಷೆಗೆ ಈ ಸಲ ಮೂವರೂ ಒಂದೇ ಬಸ್ಸಿನಲ್ಲಿ ಹೋದೆವು. ನನ್ನ ಎರಡು ಪೇಪರೂ ಕೈಗೆ ತಾವಾಗಿ ಬಂದವು. ಫಲಿತಾಂಶದ ದಿವಸ ಅಮ್ಮನಿಗೆ ನಾನೇ ಮೊದಲು ಫೋನು ಮಾಡಿದೆ. ಇವರೂ ಪಾಸು. ಅವಳು ಕಾನೂನಿನಲ್ಲಿ ಪಾಸಾಗಿ ಲೆಕ್ಕಪತ್ರದಲ್ಲಿ ಬಿದ್ದಿದ್ದಳು. ಲೆಕ್ಕವನ್ನು ಬಾಯಲ್ಲಿ ಹೇಳಲಿಕ್ಕೆ ಆಗುವುದಿಲ್ಲವಲ್ಲ. ಆ ಸುದ್ದಿ ಕೇಳಿ ನನಗೆ ಮೊದಲು ಹಾಯೆನಿಸಿತು. ಪಾಪ ಎನ್ನಿಸಿದ್ದು ಸ್ವಲ್ಪ ತಡವಾಗಿ.

ಮಾರನೆಯ ಬೆಳಿಗ್ಗೆ ಉಪ್ಪಿಟ್ಟು ತಿರುವುತ್ತ, ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಟ್ಟೆ. "ಈ ಸಲ ಒಳಗೆ ಕೂತಾಗ ಯಾರ ದನಿ ಕೇಳ್ತಿತ್ತು?"

ಇವರು ಯೋಚಿಸಿದರು. ಒಂದು ಸುಳ್ಳು ಹೇಳಿದ್ದರೆ ಏನು ಹೋಗುತ್ತಿತ್ತು?

"ಅವ್ರದ್ದೇ ಕಣೇ. ಓದಿದ್ದು ಅವ್ರಲ್ವಾ?"

"ನಂದು ಒಂದ್ಸಲಾನೂ?"

"ಇಲ್ಲ. ಆ ಪೇಪರ್ ನೀನು ಓದ್ಲೇ ಇಲ್ವಲ್ಲ." ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು.

ಈಗ ಇವರಿಗೆ ಯಾವ ಪರೀಕ್ಷೆಯೂ ಬಾಕಿಯಿಲ್ಲ, ನನಗೂ ಇಲ್ಲ. ಅವಳಿಗೆ ಆ ಒಂದು ಉಳಿದಿದೆ. ಅದಕ್ಕೆ ರೈಲಿನಲ್ಲಿ ಅವಳು ಈಗಲೂ ಓದುತ್ತಾಳೆ, ಇವರು ಕೇಳುತ್ತಾರೆ. "ಎದುರಿಗೆ ಯಾರೂ ಇಲ್ದಿದ್ರೆ ಅವ್ರಿಗೆ ಬರಲ್ಲ ಕಣೇ, ಏನ್ಮಾಡೋದು," ಎನ್ನುತ್ತಾರೆ. ಲೆಕ್ಕಗಳನ್ನು ಬರೆದೇ ಕಲಿಯಬೇಕೆಂದು ಅವಳಿಗೆ ಹೇಳಿಕಳಿಸಿದ್ದೇನೆ. ಒಂದು ಭಾನುವಾರ ಮನೆಗೆ ಬಂದರೆ ತೋರಿಸಿಕೊಡುತ್ತೇನೆ ಎಂದೂ ಹೇಳಿದ್ದೇನೆ, ಬರಲಿ ಎಂದು ಮನಸ್ಸಿದೆಯೋ ಇಲ್ಲವೋ ನನಗೇ ಸರಿಯಾಗಿ ಗೊತ್ತಿಲ್ಲ. ಬೆಳಿಗ್ಗೆ ಇವರ ಡಬ್ಬಿ ಕಟ್ಟಿಕೊಟ್ಟು, ಗೇಟಿನವರೆಗೆ ಹೋಗಿ ಬಂದು, ನನ್ನ ರೈಲಿಗೆ ಹೊತ್ತಾಯಿತೆಂದು ಜಡೆ ಹಾಕಿಕೊಳ್ಳುತ್ತೇನೆ. ಅವರ ರೈಲು ಈಗ ಬೀರೂರು ಬಿಟ್ಟಿರಬಹುದು ಎನ್ನಿಸುವ ಹೊತ್ತಿಗೆ ಕೈ ಒಂದು ಕ್ಷಣ ಹಾಗೇ ನಿಲ್ಲುತ್ತದೆ.